ಗೋವಾದ ಕಡಲು, ಈಜುಕೊಳ, ಜೀವರಕ್ಷಕರು: ಊರಿಂದ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ಕೋ, ಬೈನಾ, ಜುವಾರಿನಗರದ ಕಡೆ ನೆಲೆಸಿರುವ ಕನ್ನಡಿಗರ ಮನೆಗಳಿಗೆ ರಜೆ ಬಂತೆಂದರೆ ನೆಂಟರು ತಪ್ಪದೆ ಬರುತ್ತಾರೆ. ಬೆಳಗಾವಿಯವರು ಚೋರ್ಲಾ ಘಾಟ್ ಇಳಿದು, ಹುಬ್ಬಳ್ಳಿ-ಧಾರವಾಡದವರು ಅನಮೋಡ ಘಾಟ್ ಇಳಿದು ಬರುತ್ತಾರೆ. ಕೈಕಾಲು ತೊಳೆದು ಚಹಾ ಕುಡಿಯುವಷ್ಟರಲ್ಲಿ ಮಕ್ಕಳು "ಬೀಚಿಗೆ ಯಾವಾಗ ಹೋಗೂದು?" ಎಂದು ಶುರು ಮಾಡಿರುತ್ತವೆ. ಬೀಚಿನಲ್ಲಿ ಕೆಂಪು-ಹಳದಿ ಬಟ್ಟೆ ತೊಟ್ಟ ಜೀವರಕ್ಷಕರು ಸೀಟಿ ಊದಿದಾಗ ದೊಡ್ಡವರಿಂದಲೂ ಪ್ರಶ್ನೆಗಳು ಏಳುತ್ತವೆ. ಇಲ್ಲೇ ವಾಸವಾಗಿರುವ ನಾವು ಉತ್ತರ ಹೇಳುತ್ತಾ ಬಂದ ಪ್ರಶ್ನೆಗಳೇ ಇವು. ಬಸ್ಸು ಹತ್ತುವ ಮೊದಲೇ ಓದಿಕೊಂಡು ಬಂದರೆ ಒಳ್ಳೆಯದು.

ಮುಳುಗುವವರನ್ನು ಎತ್ತಿ ತರುವುದು ತಾನೆ ಜೀವರಕ್ಷಕರ ಕೆಲಸ?

ಅದು ಅವರ ಕೆಲಸದ ಕೊನೆಯ ತುದಿ. ಯಾರೂ ಮುಳುಗುವ ಸ್ಥಿತಿಗೆ ಹೋಗದಂತೆ ತಡೆಯುವುದೇ ದಿನದ ಬಹುಪಾಲು ಕೆಲಸ. ಬೆಳಿಗ್ಗೆ ಬಂದವರು ಮೊದಲು ನೀರನ್ನು ನೋಡುತ್ತಾರೆ. ಅಲೆ ಎಲ್ಲಿ ಒಡೆಯುತ್ತಿದೆ, ಸೆಳವು ಎಲ್ಲಿದೆ, ನಿನ್ನೆ ಇದ್ದ ಮರಳದಿಬ್ಬ ಇವತ್ತು ಎಲ್ಲಿಗೆ ಸರಿದಿದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಜಾಗದಲ್ಲಿ ಬಾವುಟ ನೆಡುತ್ತಾರೆ. ಆಮೇಲೆ ಇಡೀ ದಿನ ಕಣ್ಣು ನೀರಿನ ಮೇಲೆ. ಗುಂಪಿನಿಂದ ಒಬ್ಬನೇ ಮುಂದಕ್ಕೆ ಹೋಗುತ್ತಿದ್ದಾನೆಯೇ, ಕುಡಿದವರು ಯಾರಾದರೂ ಇಳಿಯುತ್ತಿದ್ದಾರೆಯೇ, ಮಗುವಿನ ಜೊತೆ ದೊಡ್ಡವರು ಇದ್ದಾರೆಯೇ ಎಂದು ನೋಡುತ್ತಲೇ ಇರುತ್ತಾರೆ.

ಅವರು ಊದಿದ ಸೀಟಿಗೆ ಜನ ಹಿಂದೆ ಸರಿದರೆ ಅಲ್ಲಿ ಒಂದು ಜೀವ ಉಳಿದಿದ್ದಿರಬಹುದು. ಆದರೆ ಅದು ಯಾವ ವರದಿಯಲ್ಲೂ ಬರುವುದಿಲ್ಲ, ಉಳಿದವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಸೀಟಿ ಕೇಳಿದರೆ ನಮ್ಮ ಖುಷಿಗೆ ಅಡ್ಡ ಬಂದರು ಎಂದುಕೊಳ್ಳಬೇಡಿ.

ಇವರು ಸರ್ಕಾರಿ ನೌಕರರೇ?

ಗೋವಾ ಸರ್ಕಾರ 2008ರಿಂದ ಈ ಸೇವೆಯನ್ನು ದೃಷ್ಟಿ ಮರೀನ್ ಎಂಬ ಖಾಸಗಿ ಸಂಸ್ಥೆಗೆ ವಹಿಸಿದೆ. ಸಂಸ್ಥೆಯ ನಾನೂರಕ್ಕೂ ಹೆಚ್ಚು ಜೀವರಕ್ಷಕರು ಉತ್ತರದ ಕೇರಿ, ಅರಂಬೋಲ್‌ನಿಂದ ದಕ್ಷಿಣದ ಪಾಳೋಳೆಂ ಆಚೆಯವರೆಗೆ ಕೆಲಸ ಮಾಡುತ್ತಾರೆ. ದೂಧಸಾಗರ ಜಲಪಾತ ಮತ್ತು ಮಾಯೆಂ ಕೆರೆಯಲ್ಲೂ ಇದ್ದಾರೆ. ಬಹಳಷ್ಟು ಜನ ಕರಾವಳಿಯ ಹಳ್ಳಿಗಳಲ್ಲೇ ಬೆಳೆದವರು. ಮಹಿಳಾ ಜೀವರಕ್ಷಕರೂ ಇದ್ದಾರೆ. ಕಾಪಾಡಿದ್ದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ.

ಎಷ್ಟು ಹೊತ್ತಿನವರೆಗೆ ಇರುತ್ತಾರೆ?

ಸಾಮಾನ್ಯವಾಗಿ ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಗೋಪುರಗಳಲ್ಲಿ ಕಾವಲಿರುತ್ತದೆ. ಆಮೇಲೆ ದಡದಲ್ಲಿ ಗಸ್ತು ತಿರುಗುವವರು ಇರಬಹುದು, ಆದರೆ ಅವರ ಕೆಲಸ ಜನರನ್ನು ನೀರಿನಿಂದ ಹೊರಗೆ ಕಳಿಸುವುದು. ಕತ್ತಲಲ್ಲಿ ನೀರಿನ ಮೇಲೆ ಕಾಣುವ ತಲೆ ಯಾರದ್ದು, ತೇಲುವ ತೆಂಗಿನಕಾಯಿ ಯಾವುದು ಎಂದು ಯಾವ ಕಣ್ಣಿಗೂ ತಿಳಿಯದು. ಊರಿಂದ ಮಧ್ಯಾಹ್ನ ಹೊರಟು ರಾತ್ರಿ ಎಂಟಕ್ಕೆ ಕಲಂಗುಟ್ ಮುಟ್ಟಿ, "ಇಷ್ಟು ದೂರ ಬಂದೀವಿ, ಒಂದು ಮುಳುಗು ಹಾಕೇ ಬಿಡೂಣು" ಎಂದು ನೇರ ನೀರಿಗಿಳಿಯುವ ಹುಡುಗರು ಪ್ರತಿ ವಾರ ಕಾಣುತ್ತಾರೆ. ಸಮುದ್ರ ನಾಳೆ ಬೆಳಿಗ್ಗೆಯೂ ಇರುತ್ತದೆ. ಊಟ ಮಾಡಿ ಮಲಗಿ.

ಬಾವುಟಗಳ ಅರ್ಥವೇನು?

ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ನೀರು ಜೀವರಕ್ಷಕರ ಕಣ್ಗಾವಲಿನಲ್ಲಿರುವ ಜಾಗ. ಇಳಿಯುವುದಾದರೆ ಅಲ್ಲೇ ಇಳಿಯಬೇಕು. ಬರೀ ಕೆಂಪು ಬಾವುಟ ಇದ್ದರೆ ಈಜಲು ಇಳಿಯುವಂತಿಲ್ಲ. ಬರೀ ಹಳದಿ ಇದ್ದರೆ ಅಪಾಯ ಮಧ್ಯಮ, ಎಚ್ಚರ ಬೇಕು. ಎರಡು ಕೆಂಪು ಬಾವುಟ ಒಟ್ಟಿಗೆ ಕಂಡರೆ ಯಾರಿಗೂ ನೀರಿಗೆ ಪ್ರವೇಶವಿಲ್ಲ. ಈ ಬಣ್ಣಗಳು ಅಂತರರಾಷ್ಟ್ರೀಯ ಪದ್ಧತಿಯವು, ಗೋವಾದಲ್ಲಿ ಕಲಿತದ್ದು ಬೇರೆ ಕಡಲತೀರಗಳಲ್ಲೂ ಉಪಯೋಗಕ್ಕೆ ಬರುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ಕೆಂಪು ಬಾವುಟ ನೆಟ್ಟ ಜಾಗದಲ್ಲಿ ಎಷ್ಟೋ ಸಲ ಅಲೆಗಳೇ ಇರುವುದಿಲ್ಲ. ನೋಡಿದವರಿಗೆ ಅಲ್ಲೇ ನೀರು ಶಾಂತ, ಮಕ್ಕಳಿಗೆ ಅಲ್ಲೇ ಒಳ್ಳೆಯದು ಅನ್ನಿಸುತ್ತದೆ. ಆ ಶಾಂತಿಗೆ ಕಾರಣ ಮುಂದಿನ ಉತ್ತರದಲ್ಲಿದೆ.

ನನಗೆ ಬಾವಿ, ಕಾಲುವೆ, ಹೊಳೆಯಲ್ಲೆಲ್ಲಾ ಈಜಿ ರೂಢಿ. ಸಮುದ್ರಕ್ಕೆ ಯಾಕೆ ಹೆದರಬೇಕು?

ಈ ಪ್ರಶ್ನೆಗೆ ಬಿಡಿಸಿಯೇ ಹೇಳಬೇಕು, ಯಾಕೆಂದರೆ ನಮ್ಮ ಕಡೆಯವರು ಅಪಾಯಕ್ಕೆ ಸಿಲುಕುವುದು ಹೆಚ್ಚಾಗಿ ಇದೇ ಧೈರ್ಯದಿಂದ. ಬಾವಿಯ ನೀರು ನಿಂತ ನೀರು, ನಾಲ್ಕು ಕೈ ಹೊಡೆದರೆ ಗೋಡೆ ಸಿಗುತ್ತದೆ. ಮಲಪ್ರಭೆಯೋ ಘಟಪ್ರಭೆಯೋ ಒಂದೇ ದಿಕ್ಕಿಗೆ ಹರಿಯುತ್ತದೆ, ದಡ ಎರಡೂ ಕಡೆ ಕಾಣುತ್ತದೆ. ಸಮುದ್ರದಲ್ಲಿ ನೀರು ಮೇಲೆ ದಡದ ಕಡೆ ಬರುತ್ತಿರುವಾಗಲೇ ಪಕ್ಕದಲ್ಲಿ ಆಳದ ಕಡೆ ಓಡುತ್ತಿರುತ್ತದೆ.

ಅಲೆಗಳು ಒಂದರ ಹಿಂದೊಂದು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ. ದಡದ ಸಮೀಪ ಮರಳದಿಬ್ಬಗಳು ಅಡ್ಡವಾಗಿ ಮಲಗಿರುತ್ತವೆ. ಹೊಲದ ಬದುವು ಒಡೆದ ಕಡೆಯಿಂದಲೇ ನೀರೆಲ್ಲ ನುಗ್ಗುವಂತೆ, ದಿಬ್ಬದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿಂದ ನೀರೆಲ್ಲ ಒಂದು ಕಾಲುವೆಯಾಗಿ ಸಮುದ್ರದೊಳಕ್ಕೆ ಹರಿಯುತ್ತದೆ. ಇದೇ ಸೆಳವು. ಜೀವರಕ್ಷಕರು ರಿಪ್ ಎನ್ನುತ್ತಾರೆ. ತಗ್ಗಿನಲ್ಲಿ ನೀರು ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಅದಕ್ಕೇ ಅದು ಶಾಂತವಾಗಿ ಕಾಣುತ್ತದೆ.

ಅದರ ವೇಗ ದಿನದಿಂದ ದಿನಕ್ಕೆ ಬದಲಾಗುತ್ತದೆ. ಸೆಕೆಂಡಿಗೆ 2 ಮೀಟರ್‌ನಷ್ಟು ವೇಗವನ್ನೂ ವಿಜ್ಞಾನಿಗಳು ಅಳೆದಿದ್ದಾರೆ. 50 ಮೀಟರ್ ಈಜಿನ ವಿಶ್ವದಾಖಲೆಯೇ 21 ಸೆಕೆಂಡಿನ ಆಸುಪಾಸು. ಅಂದರೆ ಜಗತ್ತಿನ ಅತಿ ವೇಗದ ಈಜುಗಾರನೂ ಅಂಥ ಸೆಳವಿಗೆ ಎದುರಾಗಿ ದಡದ ಕಡೆ ಈಜಿದರೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಾನೆ. ಹಾಗಿರುವಾಗ ನಮ್ಮ ಬಾವಿಯ ಈಜಿನ ಬಲ ಎಷ್ಟು ಹೊತ್ತು ತಡೆದೀತು?

ಸೆಳವಿಗೆ ಸಿಕ್ಕಿಬಿಟ್ಟರೆ ಏನು ಮಾಡಬೇಕು?

ಅದು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಈ ಒಂದು ಮಾತು ತಲೆಯಲ್ಲಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಸೆಳವಿಗೆ ಸಿಕ್ಕವರನ್ನು ಕೊಲ್ಲುವುದು ದಣಿವು. ದಡ ಕಾಣುತ್ತಿದೆಯಲ್ಲ ಎಂದು ನೇರ ಅದರ ಕಡೆಗೇ ಈಜಿ ಈಜಿ ಸೋತು ಮುಳುಗುತ್ತಾರೆ.

ಮೊದಲು ಬೆನ್ನ ಮೇಲೆ ಮಲಗಿ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಉಪ್ಪುನೀರು ಬಾವಿಯ ನೀರಿಗಿಂತ ಸ್ವಲ್ಪ ಸುಲಭವಾಗಿ ತೇಲಿಸುತ್ತದೆ. ಒಂದು ಕೈ ಮೇಲೆತ್ತಿ ಬೀಸಿ, ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆಗಳು ಒಡೆಯುತ್ತಿರುವ ಬದಿಗೆ ಈಜಿ. ಸೆಳವಿನ ಕಾಲುವೆ ಸಾಮಾನ್ಯವಾಗಿ ಅಗಲವಾಗಿರುವುದಿಲ್ಲ. ಅದರಿಂದ ಆಚೆ ಬಂದಮೇಲೆ ಅಲೆಗಳೇ ದಡದ ಕಡೆ ತಳ್ಳುತ್ತವೆ. ಶಕ್ತಿ ಇಲ್ಲದಿದ್ದರೆ ಸುಮ್ಮನೆ ತೇಲುತ್ತಿರಿ, ಜೀವರಕ್ಷಕರು ಬರುತ್ತಾರೆ. ಅವರು ಚಾಚುವ ಕೆಂಪು ರಬ್ಬರ್ ಟ್ಯೂಬನ್ನು ಹಿಡಿಯಿರಿ, ಅವರ ಕುತ್ತಿಗೆಯನ್ನಲ್ಲ.

ಮೊಣಕಾಲುದ್ದ ನೀರಲ್ಲಿ ನಿಂತಿದ್ದರೂ ಸೀಟಿ ಊದುತ್ತಾರಲ್ಲ?

ಅಲೆಗಳೆಲ್ಲ ಒಂದೇ ಎತ್ತರ ಇರುವುದಿಲ್ಲ. ಕೆಲವು ಸಣ್ಣವು ಬಂದ ಮೇಲೆ ದೊಡ್ಡವು ಗುಂಪಾಗಿ ಬರುತ್ತವೆ. ಈಗ ಮೊಣಕಾಲು ಮುಟ್ಟುವ ನೀರು ಅರೆಗಳಿಗೆಯಲ್ಲಿ ಎದೆಮಟ್ಟಕ್ಕೆ ಏರಬಹುದು. ಅಲೆ ಹಿಂದೆ ಸರಿಯುವಾಗ ಪಾದದಡಿಯ ಮರಳನ್ನೂ ಜಾರಿಸುತ್ತದೆ. ಬೆನ್ನು ತಿರುಗಿಸಿ ಮೊಬೈಲಿಗೆ ನಗುತ್ತ ನಿಂತವರು ಬೀಳುವುದು ಹೀಗೆ. ಸಮುದ್ರಕ್ಕೆ ಬೆನ್ನು ಹಾಕಬೇಡಿ.

ಬಂಡೆಗಳ ಮೇಲಂತೂ ಇನ್ನೂ ಅಪಾಯ. ಪಾಚಿ ಹಿಡಿದ ಬಂಡೆಯಿಂದ ಬಿದ್ದವರನ್ನು ಅಲೆ ಮತ್ತೆ ಅದೇ ಬಂಡೆಗೆ ಬಡಿಯುತ್ತದೆ, ಜೀವರಕ್ಷಕರಿಗೂ ಹತ್ತಿರ ಹೋಗುವುದು ಕಷ್ಟ. ಅಂಥ ಸಾವುಗಳಾದ ಮೇಲೆ 2018ರಲ್ಲಿ ಸೆಲ್ಫಿ ತೆಗೆಯಬಾರದ ಜಾಗಗಳನ್ನು ಗುರುತಿಸಲಾಯಿತು. ಅಂಜುಣಾ, ವಾಗಾತೋರ್ ಕಡೆ ಹೋಗುವವರು ಇದನ್ನು ನೆನಪಿಡಬೇಕು.

ಅಮಾವಾಸ್ಯೆಗೆ ಸಮುದ್ರ ಸ್ನಾನ ಮಾಡುವ ಹರಕೆ ಇದೆ. ಜೀವರಕ್ಷಕರು ಬಿಡುತ್ತಾರೆಯೇ?

ಸ್ನಾನಕ್ಕೆ ಯಾರ ವಿರೋಧವೂ ಇಲ್ಲ. ಆದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಗೋವಾದ ದಂಡೆಯಲ್ಲಿ ಆ ದಿನಗಳಲ್ಲಿ ಏರಿಳಿತದ ಅಂತರ ಸುಮಾರು 2 ಮೀಟರ್ ಮುಟ್ಟುತ್ತದೆ. ಅಷ್ಟು ನೀರು ಸುಮಾರು ಆರು ಗಂಟೆಯಲ್ಲಿ ಒಳಗೆ ಬಂದು, ಮುಂದಿನ ಆರು ಗಂಟೆಯಲ್ಲಿ ಹೊರಗೆ ಹೋಗಬೇಕು. ಪುಣ್ಯದ ದಿನವೆಂದು ನಾವು ವಯಸ್ಸಾದ ಅಜ್ಜಿಯರನ್ನು ಕೈಹಿಡಿದು ಇಳಿಸುವ ದಿನವೇ ನೀರಿನ ಓಟ ಜೋರಾಗಿರುತ್ತದೆ.

ಬಾವುಟಗಳ ನಡುವೆ, ಜೀವರಕ್ಷಕರಿಗೆ ಹೇಳಿ, ಮೊಣಕಾಲು ಮೀರದ ನೀರಲ್ಲಿ ಕೂತು ತಂಬಿಗೆಯಿಂದ ಮೈಮೇಲೆ ಹೊಯ್ದುಕೊಳ್ಳಬಹುದು. ಅಳಿವೆಗಳಲ್ಲಿ, ಅಂದರೆ ನದಿ ಸಮುದ್ರ ಸೇರುವ ಕಡೆ, ಮಾತ್ರ ಬೇಡವೇ ಬೇಡ. ಕೇರಿಯ ಬಳಿ ತೆರೆಖೋಲ್, ಮೊರ್ಜಿಯ ಬಳಿ ಶಾಪೋರಾ, ಮೊಬೋರ್ ಬಳಿ ಸಾಳ್ ನದಿ, ಬಾಗಾದ ಹೊಳೆ, ಇವೆಲ್ಲ ಇಳಿತದ ಹೊತ್ತಿಗೆ ನದಿಯ ನೀರು ಮತ್ತು ಸಮುದ್ರದ ನೀರು ಒಟ್ಟಾಗಿ ಹೊರಗೆ ಓಡುವ ಜಾಗಗಳು.

ಸೀರೆ, ಚೂಡಿದಾರದಲ್ಲೇ ನೀರಿಗೆ ಇಳಿಯಬಹುದೇ?

ಹಿಮ್ಮಡಿ ತೊಯ್ಯುವಷ್ಟು ನೀರಿಗೆ ತೊಂದರೆಯಿಲ್ಲ. ಅದಕ್ಕಿಂತ ಮುಂದೆ ಹೋದರೆ ಒದ್ದೆಯಾದ ಆರು ಗಜದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಅಲೆಗೆ ಬಿದ್ದವರಿಗೆ ಏಳಲು ಆಗುವುದಿಲ್ಲ. ದುಪಟ್ಟಾ ದಡದಲ್ಲೇ ಬಿಡಿ. ಜೀನ್ಸ್ ಪ್ಯಾಂಟಿನಲ್ಲಿ ಇಳಿಯುವ ಗಂಡಸರಿಗೂ ಇದೇ ಮಾತು.

ಮಳೆಗಾಲದಲ್ಲಿ ಬಂದರೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಬೀಚುಗಳಲ್ಲಿ ಕೆಂಪು ಬಾವುಟಗಳೇ. ನೈಋತ್ಯ ಮಾರುತ ದೊಡ್ಡ ಅಲೆಗಳನ್ನು ತಂದು ದಡದ ಮರಳನ್ನು ಕೊರೆದು ಒಯ್ಯುತ್ತದೆ. ನಿನ್ನೆ ನಡೆದಾಡಿದ ಜಾಗದಲ್ಲಿ ಇವತ್ತು ಗುಂಡಿ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೇ ಬಂದ್. ಹುಟ್ಟಿದಾಗಿನಿಂದ ಸಮುದ್ರ ಕಂಡವರು ಬಲೆ ಮಡಚಿಟ್ಟು ದಡದಲ್ಲಿ ಕೂತಿರುವಾಗ, ಮೊದಲ ಸಲ ಸಮುದ್ರ ಕಂಡವರು ಇಳಿಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಮಳೆಗಾಲದ ಗೋವಾ ಬಹಳ ಸುಂದರ. ಹಸಿರು ನೋಡಿ, ದೇವಸ್ಥಾನ ಸುತ್ತಿ, ಬೀಚಿನಲ್ಲಿ ನೀರಿನಿಂದ ದೂರ ನಡೆಯಿರಿ.

ಎರಡು ಬಿಯರ್ ಕುಡಿದರೆ ಏನಾಗುತ್ತದೆ?

ಧೈರ್ಯ ಹೆಚ್ಚುತ್ತದೆ, ತೋಳಿನ ಬಲ ಮತ್ತು ದೂರದ ಅಂದಾಜು ಕಡಿಮೆಯಾಗುತ್ತದೆ. ಸಮುದ್ರದಲ್ಲಿ ಈ ಎರಡೂ ಸೇರುವುದು ಸಾವಿಗೆ ದಾರಿ. ಇದಲ್ಲದೆ, ಬೀಚಿನಂಥ ಪ್ರವಾಸಿ ತಾಣಗಳ ಬಯಲಲ್ಲಿ ಮದ್ಯ ಕುಡಿಯುವುದು, ಒಲೆ ಹೂಡಿ ಅಡುಗೆ ಮಾಡುವುದು 2019ರ ಕಾನೂನು ತಿದ್ದುಪಡಿಯ ನಂತರ ದಂಡಾರ್ಹ ಅಪರಾಧ. ಕುಡಿದವರನ್ನು ಜೀವರಕ್ಷಕರು ನೀರಿನಿಂದ ಹೊರಗೆ ಕರೆಯುತ್ತಾರೆ. ಅವರ ಜೊತೆ ಜಗಳಕ್ಕೆ ನಿಂತರೆ, ಆ ಹೊತ್ತಿನಲ್ಲಿ ಅವರ ಕಣ್ಣು ಬೇರೆ ಯಾರದ್ದೋ ಮಗುವಿನ ಮೇಲಿನಿಂದ ಸರಿದಿರುತ್ತದೆ.

ಮುಳುಗುವವರು ಕೂಗಿಕೊಳ್ಳುವುದಿಲ್ಲವೇ? ಪಕ್ಕದಲ್ಲಿದ್ದವರಿಗೆ ಯಾಕೆ ತಿಳಿಯುವುದಿಲ್ಲ?

ಸಿನಿಮಾದಲ್ಲಿ ಕೈ ಬೀಸಿ "ಕಾಪಾಡಿ" ಎಂದು ಕೂಗುತ್ತಾರೆ. ನಿಜದಲ್ಲಿ ಮುಳುಗುವುದು ಬಹುತೇಕ ಸದ್ದಿಲ್ಲದೆ ನಡೆಯುತ್ತದೆ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಉಸಿರಿಗೇ ಸಮಯ ಸಾಲದು, ಕೂಗುವುದೆಲ್ಲಿಂದ? ಕೈಗಳು ತಾವಾಗಿಯೇ ಬದಿಗೆ ಚಾಚಿ ನೀರನ್ನು ಅದುಮುತ್ತಿರುತ್ತವೆ, ಬೀಸಲು ಬರುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ತೆರೆದು, ಕೂದಲು ಕಣ್ಣಿನ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳುವುದಿಲ್ಲ. ದೇಹ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುವುದಿಲ್ಲ. ಈ ಸ್ಥಿತಿಯಲ್ಲಿ ಅವರು ನೀರಿನ ಮೇಲೆ ಉಳಿಯುವುದು 20ರಿಂದ 60 ಸೆಕೆಂಡ್.

ಆದ್ದರಿಂದ ಮಗುವಿನ ಕಲರವ ಹಠಾತ್ತನೆ ನಿಂತರೆ ತಿರುಗಿ ನೋಡಬೇಕು. "ಏನಪ್ಪಾ, ಆರಾಮಿದ್ದೀಯಾ?" ಎಂದು ಕೇಳಿದಾಗ ಉತ್ತರ ಬರಲಿಲ್ಲವೆಂದರೆ ತಡ ಮಾಡಬಾರದು. ಜೀವರಕ್ಷಕರು ತರಬೇತಿಯಲ್ಲಿ ಕಲಿಯುವ ದೊಡ್ಡ ವಿದ್ಯೆಯೇ ಈ ಮೌನವನ್ನು ದೂರದಿಂದ ಗುರುತಿಸುವುದು.

ಜೀವರಕ್ಷಕರಿಲ್ಲದ ಕಡೆ ಯಾರಾದರೂ ಮುಳುಗುವುದನ್ನು ಕಂಡರೆ ನಾನು ಹಾರಬಹುದೇ?

ಹಾರಬೇಡಿ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಬಿಗಿದಪ್ಪಿ ಮೇಲೇರಲು ನೋಡುತ್ತಾರೆ, ಅದು ಅವರ ತಪ್ಪಲ್ಲ. ಅಣ್ಣನನ್ನು ಉಳಿಸಲು ತಮ್ಮ, ತಮ್ಮನ ಹಿಂದೆ ಗೆಳೆಯ ಇಳಿದು ಒಂದೇ ಮನೆಯ, ಒಂದೇ ಓಣಿಯ ಹುಡುಗರು ಸಾಲಾಗಿ ಹೋದ ಸುದ್ದಿಗಳನ್ನು ನಮ್ಮ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ದಡದಿಂದಲೇ ಕೋಲು, ಹಗ್ಗ, ಗಂಟು ಹಾಕಿದ ಸೀರೆ ಚಾಚಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಚೆಂಡು, ಥರ್ಮಾಕೋಲ್ ಪೆಟ್ಟಿಗೆ, ತೇಲುವಂಥದ್ದು ಏನೇ ಇರಲಿ, ಎಸೆಯಿರಿ. ಒಬ್ಬರನ್ನು ಹತ್ತಿರದ ಬೀಚಿನ ಜೀವರಕ್ಷಕರ ಕಡೆಗೆ ಓಡಿಸಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಮುಳುಗಿದ ಜಾಗದಿಂದ ಕಣ್ಣು ತೆಗೆಯದೆ ಬೆರಳು ತೋರಿಸುತ್ತಲೇ ನಿಲ್ಲಲಿ. ಈ ಮೂರನೆಯ ಕೆಲಸ ಸಣ್ಣದಲ್ಲ. ಅಲೆಗಳ ನಡುವೆ ಗುರುತು ತಪ್ಪಿದರೆ ಹುಡುಕಲು ಎಷ್ಟೋ ಹೊತ್ತು ಬೇಕಾಗುತ್ತದೆ.

ದಡಕ್ಕೆ ತಂದ ಮೇಲೆ ಹೊಟ್ಟೆ ಅದುಮಿ ನೀರು ತೆಗೆಯಬೇಕಲ್ಲವೇ?

ಬೇಡ. ಹೊಟ್ಟೆ ಅದುಮುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ಬೆನ್ನ ಮೇಲೆ ಹೊತ್ತು ಕುಲುಕುವುದು ನಮ್ಮ ಹಳ್ಳಿಗಳಲ್ಲಿ ನಡೆದು ಬಂದದ್ದು. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಮುಳುಗಿದವರಿಗೆ ಬೇಕಾಗಿರುವುದು ಗಾಳಿ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷವಾದರೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಭುಜ ತಟ್ಟಿ ಕರೆಯಿರಿ. ಸ್ಪಂದನೆ ಇಲ್ಲ, ಉಸಿರೂ ಸರಿಯಾಗಿಲ್ಲ ಎಂದಾದರೆ 108ಕ್ಕೆ ಕರೆ ಮಾಡಿಸಿ, ಜೀವರಕ್ಷಕರನ್ನು ಕೂಗಿ. ಹಣೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಉಬ್ಬುವಷ್ಟು ಗಾಳಿ ಊದಿ. ಹೃದಯ ಹಠಾತ್ತನೆ ನಿಂತು ಕುಸಿದವರಿಗೆ ಎದೆ ಒತ್ತುವುದು ಮೊದಲು, ಮುಳುಗಿದವರಿಗೆ ಉಸಿರು ಮೊದಲು. ಯುರೋಪಿನ ಮಾರ್ಗಸೂಚಿ ಮೊದಲಿಗೆ 5 ಉಸಿರು ಎನ್ನುತ್ತದೆ, ಅಮೆರಿಕದ್ದು 2 ಎನ್ನುತ್ತದೆ. ಎರಡರಲ್ಲಿ ಯಾವುದನ್ನು ಮಾಡಿದರೂ ಸರಿ. ಆಮೇಲೆ ಎದೆಯ ನಡುವೆ ಅಂಗೈ ಊರಿ 30 ಸಲ ಒತ್ತಿ, 2 ಉಸಿರು ಕೊಡಿ, ಮತ್ತೆ 30. ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ಬಾಯಲ್ಲಿ ನೊರೆ ಬರುತ್ತಿದ್ದರೆ ಒರೆಸುತ್ತ ಕೂರಬೇಡಿ, ಮುಂದುವರಿಸಿ. ವಾಂತಿ ಆದರೆ ಮಗ್ಗುಲಿಗೆ ಹೊರಳಿಸಿ ಬಾಯಿ ಶುಚಿ ಮಾಡಿ ಮತ್ತೆ ಶುರು ಮಾಡಿ.

ಓದಿ ತಿಳಿದದ್ದು ಕೈಗೆ ಬರುವುದಿಲ್ಲ. ನಿಮ್ಮ ಊರಿನಲ್ಲಿ ರೆಡ್ ಕ್ರಾಸ್‌ನವರೋ ಆಸ್ಪತ್ರೆಯವರೋ ಸಿಪಿಆರ್, ಅಂದರೆ ಹೀಗೆ ಎದೆ ಒತ್ತಿ ಉಸಿರು ಕೊಡುವ ಕ್ರಮದ, ತರಬೇತಿ ಇಟ್ಟರೆ ಒಂದು ಭಾನುವಾರ ಅದಕ್ಕೆ ಕೊಡಿ. ಗೋವಾಕ್ಕೆ ಬರಲಿ ಬಿಡಲಿ, ಕೃಷಿಹೊಂಡ ಇರುವ ಪ್ರತಿ ಊರಿಗೂ ಇದು ಬೇಕು.

ಕಾಪಾಡಿದ ಮೇಲೆ ಎದ್ದು ಕೂತು ಮಾತಾಡುತ್ತಿದ್ದಾರೆ. ಆಸ್ಪತ್ರೆ ಯಾಕೆ?

ಶ್ವಾಸಕೋಶಕ್ಕೆ ಸ್ವಲ್ಪ ನೀರು ಹೋಗಿದ್ದರೂ ತೊಂದರೆ ಕೆಲವು ಗಂಟೆ ಬಿಟ್ಟು ಹೆಚ್ಚಾಗಬಹುದು. ಕೆಮ್ಮು ನಿಲ್ಲದಿದ್ದರೆ, ಏದುಸಿರು ಬಂದರೆ, ಮಗು ವಿಪರೀತ ಮಂಕಾದರೆ ತಡ ಮಾಡುವಂತಿಲ್ಲ. ಉತ್ತರ ಗೋವಾದವರಿಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ದಕ್ಷಿಣದವರಿಗೆ ಮಡಗಾಂವ್‌ನ ಜಿಲ್ಲಾ ಆಸ್ಪತ್ರೆ. ಅದೇ ರಾತ್ರಿ ಬಸ್ಸು ಹತ್ತಿಸಿ ಊರಿಗೆ ಕರೆದೊಯ್ಯಬೇಡಿ. ಘಾಟಿನ ನಡುವೆ ಉಸಿರು ಕಟ್ಟಿದರೆ ಏನು ಮಾಡುತ್ತೀರಿ?

ಸಮುದ್ರ ಬೇಡ, ವಿಲ್ಲಾದ ಈಜುಕೊಳ ಸಾಕು ಎಂದುಕೊಂಡಿದ್ದೇವೆ. ಅದು ಸುರಕ್ಷಿತ ತಾನೆ?

ಸೆಳವು ಇಲ್ಲ, ನಿಜ. ಆದರೆ ಬೀಚಿನಲ್ಲಿ ನಿಮ್ಮನ್ನು ನೋಡುವ ಇನ್ನೊಂದು ಜೋಡಿ ಕಣ್ಣು ಇರುತ್ತದೆ, ಬಾಡಿಗೆ ವಿಲ್ಲಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಸಗಾಂವ್, ಸಿಯೋಲಿಂ ಕಡೆಯ ವಿಲ್ಲಾಗಳಲ್ಲಿ ಕೊಳ ಮಲಗುವ ಕೋಣೆಯ ಬಾಗಿಲಿಗೇ ಹೊಂದಿಕೊಂಡಿರುತ್ತದೆ. ಹೋಟೆಲುಗಳ ಕೊಳದ ಬದಿಯಲ್ಲಿ "ಜೀವರಕ್ಷಕರು ಇಲ್ಲ, ನಿಮ್ಮ ಸ್ವಂತ ಜವಾಬ್ದಾರಿ" ಎಂಬ ಫಲಕ ಕಂಡರೆ ಅದನ್ನು ಅಕ್ಷರಶಃ ನಂಬಿ. ಕೋಣೆ ಕಾಯ್ದಿರಿಸುವಾಗಲೇ ಕೊಳಕ್ಕೆ ಜೀವರಕ್ಷಕರು ಇದ್ದಾರೆಯೇ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ಕೇಳಿ.

ಮಕ್ಕಳು ನೀರಲ್ಲಿದ್ದಷ್ಟು ಹೊತ್ತು ಒಬ್ಬ ದೊಡ್ಡವರು ಕೈಗೆಟಕುವ ದೂರದಲ್ಲಿ, ಮೊಬೈಲ್ ಬದಿಗಿಟ್ಟು ಇರಬೇಕು. ಎಲ್ಲರೂ ಇದ್ದಾರಲ್ಲ ಎಂದಾಗ ಯಾರೂ ನೋಡುತ್ತಿರುವುದಿಲ್ಲ. ಮದುವೆ ಮನೆಗಳಲ್ಲಿ ಅನಾಹುತ ಆಗುವುದು ಹೀಗೇ. ಅದಕ್ಕೆ ಹೆಸರು ಹಿಡಿದು ಪಾಳಿ ಹಾಕಿಕೊಳ್ಳಿ: ಅರ್ಧ ಗಂಟೆ ಸೋದರಮಾವ, ಅರ್ಧ ಗಂಟೆ ಚಿಕ್ಕಪ್ಪ. ತೋಳಿಗೆ ಕಟ್ಟುವ ಗಾಳಿ ತುಂಬಿದ ಪಟ್ಟಿ, ಬಾತುಕೋಳಿ ಟ್ಯೂಬು ಆಟದ ಸಾಮಾನು ಮಾತ್ರ, ಕಾವಲಲ್ಲ. ಆಳದ ಅಂಕಿ ನೋಡದೆ ತಲೆ ಮುಂದಾಗಿ ಹಾರಬೇಡಿ, ಕುತ್ತಿಗೆಯ ಮೂಳೆ ಮುರಿದರೆ ಜೀವನಪೂರ್ತಿ ಹಾಸಿಗೆ. ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯವೂ ಬೇಡ. ಜೋರಾಗಿ ಉಸಿರಾಡಿ ಆಮೇಲೆ ನೀರಿನಡಿ ಬಿಗಿಹಿಡಿದವರಿಗೆ ಉಸಿರು ಬೇಕೆಂಬ ಎಚ್ಚರಿಕೆ ಬರುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಕೊಳದಲ್ಲಿ ಈಜು ಕಲಿಸುವ ಕೋಚ್ ಇದ್ದರೆ ಸಾಲದೇ?

ಸಾಲದು. ಕೋಚ್ ನೋಡುವುದು ತನ್ನ ಶಿಷ್ಯರನ್ನು, ಜೀವರಕ್ಷಕರು ನೋಡುವುದು ಇಡೀ ಕೊಳವನ್ನು. ಕೊಳದ ಜೀವರಕ್ಷಕರಿಗೆ ಹಲವು ಕಡೆ ಒಂದು ಅಳತೆ ಕಲಿಸುತ್ತಾರೆ: ತನ್ನ ಪಾಲಿನ ನೀರನ್ನು ತಳದವರೆಗೆ 10 ಸೆಕೆಂಡಿನಲ್ಲಿ ಕಣ್ಣಾಡಿಸಬೇಕು, ತೊಂದರೆ ಕಂಡಲ್ಲಿಗೆ 20 ಸೆಕೆಂಡಿನಲ್ಲಿ ತಲುಪಬೇಕು. ಒಬ್ಬನೇ ಮನುಷ್ಯ ಎರಡೂ ಕೆಲಸ ಮಾಡಲಾರ. ಟವೆಲ್ ಕೊಡುವುದು, ಕುರ್ಚಿ ಜೋಡಿಸುವುದು ಎಂದು ಜೀವರಕ್ಷಕರನ್ನೇ ಓಡಾಡಿಸುವ ಕೊಳವಾದರೆ ಅಲ್ಲಿ ಕಾವಲಿಲ್ಲ ಎಂದೇ ತಿಳಿಯಿರಿ.

ಜೆಲ್ಲಿಫಿಶ್ ಕುಟುಕಿದರೆ?

ಜೀವರಕ್ಷಕರ ಗೋಪುರಕ್ಕೆ ಹೋಗಿ, ಪ್ರಥಮ ಚಿಕಿತ್ಸೆ ಅಲ್ಲೇ ಸಿಗುತ್ತದೆ. ಉಜ್ಜಬೇಡಿ, ನಲ್ಲಿ ನೀರು ಹಾಕಬೇಡಿ, ಸಮುದ್ರದ ನೀರಿನಲ್ಲೇ ತೊಳೆಯಿರಿ. ಉಚ್ಚೆ ಹೊಯ್ದರೆ ವಾಸಿಯಾಗುತ್ತದೆ ಎಂಬುದು ಸುಳ್ಳು. ತಡೆದುಕೊಳ್ಳುವಷ್ಟು ಬಿಸಿ ನೀರು ಉರಿ ಇಳಿಸುತ್ತದೆ. ಎದೆ ಬಿಗಿತ, ಉಸಿರಿನ ತೊಂದರೆ ಕಂಡರೆ ಆಸ್ಪತ್ರೆ.

ಬೀಚಿನಲ್ಲಿ ರೋಬೋಟ್ ಕಾಯುತ್ತದಂತೆ?

2023ರಲ್ಲಿ ಔರಸ್ ಎಂಬ ತಾನೇ ಓಡಾಡುವ ಯಂತ್ರವನ್ನೂ, ಟ್ರೈಟನ್ ಎಂಬ ಕ್ಯಾಮೆರಾ ಕಾವಲನ್ನೂ ಗೋವಾದ ಬೀಚುಗಳಿಗೆ ತಂದರು. ಜೀವರಕ್ಷಕರಿಲ್ಲದ ಜಾಗದ ಮೇಲೆ ನಿಗಾ ಇಡುವುದು, ಎಚ್ಚರಿಕೆ ಕೂಗುವುದು ಇವುಗಳ ಕೆಲಸ. ನೀರಿಗೆ ಹಾರಿ ಎಳೆದು ತರುವುದು ಮಾತ್ರ ಇಂದಿಗೂ ಮನುಷ್ಯರೇ.

ಅವರಿಗೆ ಕನ್ನಡ ಬರುತ್ತದೆಯೇ?

ಹೆಚ್ಚಿನವರು ಕೊಂಕಣಿ, ಹಿಂದಿ ಮಾತಾಡುತ್ತಾರೆ. ಸೀಟಿಗೆ ಮತ್ತು ಕೈಸನ್ನೆಗೆ ಭಾಷೆ ಬೇಕಿಲ್ಲ. ಬೀಚಿಗೆ ಕಾಲಿಟ್ಟ ಕೂಡಲೇ ಗೋಪುರದ ಹತ್ತಿರ ಹೋಗಿ "ಭೈಯಾ, ಆಜ್ ಪಾನಿ ಕೈಸಾ ಹೈ?" ಎಂದು ಕೇಳಿ. ಎಲ್ಲಿ ಇಳಿಯಬೇಕು ಎಂದು ಕೈತೋರಿಸಿ ಹೇಳುತ್ತಾರೆ. ಮಗು ತಪ್ಪಿಸಿಕೊಂಡರೂ ಮೊದಲು ಅವರಿಗೇ ತಿಳಿಸಿ, ಒಂದು ಗೋಪುರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಮಗು ಹಾಕಿದ ಅಂಗಿಯ ಬಣ್ಣ ನೆನಪಿರಲಿ. ಬೆಳಿಗ್ಗೆ ಹೊರಡುವಾಗ ತೆಗೆದ ಒಂದು ಫೋಟೋ ಆಗ ಬಹಳ ಸಹಾಯಕ್ಕೆ ಬರುತ್ತದೆ.

ಶಾಲಾ ಪ್ರವಾಸ ಕರೆತರುತ್ತಿದ್ದೇವೆ. ಏನು ತಯಾರಿ ಬೇಕು?

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಆ ಮಕ್ಕಳನ್ನು ನೆನೆದು ಪ್ರತಿ ಶಿಕ್ಷಕರೂ ತಯಾರಾಗಬೇಕು. ಸಂಜೆಯ ಹೊತ್ತಿಗೆ ಬೀಚನ್ನು ಇಟ್ಟುಕೊಳ್ಳಬೇಡಿ, ಬಸ್ಸು ತಡವಾದರೆ ಕಾವಲು ಮುಗಿದ ಮೇಲೆ ಮುಟ್ಟುತ್ತೀರಿ. ಜೀವರಕ್ಷಕರಿಗೆ ಮೊದಲೇ ಹೇಳಿ, ಅವರು ತೋರಿಸಿದ ಜಾಗದಲ್ಲಿ ಹತ್ತತ್ತು ಮಕ್ಕಳನ್ನಷ್ಟೇ ಬಿಡಿ. ಶಿಕ್ಷಕರು ಮಕ್ಕಳ ಹಿಂದೆ ದಡದಲ್ಲಿ ನಿಂತರೆ ಸಾಲದು, ಸಮುದ್ರದ ಕಡೆಯಲ್ಲಿ ಸಾಲಾಗಿ ನಿಲ್ಲಬೇಕು. ಇಳಿಯುವ ಮೊದಲು ಎಣಿಸಿ, ಹತ್ತು ನಿಮಿಷಕ್ಕೊಮ್ಮೆ ಎಣಿಸಿ. ಕೆಂಪು ಬಾವುಟ ಇದ್ದರೆ ಮಕ್ಕಳು ಎಷ್ಟೇ ಅತ್ತರೂ ಮರಳಲ್ಲಿ ಆಡಿಸಿ ಕರೆದೊಯ್ಯಿರಿ.

ನಮ್ಮ ಮಗಳು ಒಳ್ಳೆಯ ಈಜುಗಾರ್ತಿ. ಜೀವರಕ್ಷಕಿ ಆಗಬಹುದೇ?

ಖಂಡಿತ. ಈಜು, ಮರಳಿನಲ್ಲಿ ಓಟ, ಸಿಪಿಆರ್, ಪ್ರಥಮ ಚಿಕಿತ್ಸೆ, ಬೆನ್ನುಮೂಳೆಗೆ ಪೆಟ್ಟಾದವರನ್ನು ನೀರಿನಿಂದ ತೆಗೆಯುವ ಕ್ರಮ, ಕಡಲನ್ನು ಓದುವುದು, ಇವೆಲ್ಲ ಕಲಿಯಬೇಕು. ಪಣಜಿ ಹತ್ತಿರ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯದಡಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಅಲ್ಲಿ ಜೀವರಕ್ಷಣೆಯ ಕೋರ್ಸುಗಳು ನಡೆಯುತ್ತವೆ. ಕೆಲಸಕ್ಕೆ ಸೇರಿದ ಮೇಲೂ ಅಭ್ಯಾಸ ನಿಲ್ಲುವುದಿಲ್ಲ. ಬಿಸಿಲು, ಉಪ್ಪುಗಾಳಿ, ಜನರ ಬೈಗುಳ ಎಲ್ಲವನ್ನೂ ತಡೆದುಕೊಂಡು ಗಂಟೆಗಟ್ಟಲೆ ನೀರನ್ನೇ ನೋಡುವ ತಾಳ್ಮೆ ಈಜಿಗಿಂತ ದೊಡ್ಡ ಅರ್ಹತೆ. ದೇಶದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಜನ ಮುಳುಗಿ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶ ಹೇಳುತ್ತದೆ. ಅವರಲ್ಲಿ ಹೆಚ್ಚಿನವರು ಕೆರೆ, ಹೊಳೆ, ಹೊಂಡಗಳಲ್ಲಿ ಹೋದವರು. ಹಾಗಾಗಿ ನಿಮ್ಮ ಮಗಳು ತರಬೇತಿ ಮುಗಿಸಿ ಊರಿಗೇ ಮರಳಿ, ಅಲ್ಲಿನ ಜಾತ್ರೆ, ತೆಪ್ಪೋತ್ಸವಕ್ಕೆ ಕಾವಲು ನಿಂತರೂ ಅವಳ ವಿದ್ಯೆಗೆ ಕೈತುಂಬ ಕೆಲಸವಿದೆ.